ಮೂವತ್ತೆಂಟು ಓಮ್

ಶಹಾಬಾದ ದಾಟಿ ವಾಡಿಯ ಕಡೆ ಹೊರಟರೆ
ಹಳಿಯ ಎಡಕ್ಕೆ, ಖಣಿಯ ಕಲ್ಲುಪುಡಿ ಕೂತು ಬೆಳ್ಳಗಾದ
ಒಂದು ಕಬ್ಬಿಣದ ಪೆಟ್ಟಿಗೆ.
ಊರವರಿಗೆ ಅದು ಕರೆಂಟಿನ ಕಪಾಟು.
ನನಗೆ, ಲೊಕೇಶನ್ ಬಾಕ್ಸ್ ಹದಿನಾಲ್ಕು.

ಸ್ಟೇಷನ್ ಮಾಸ್ತರರ ಸಹಿಯಾಯಿತು. ನಲವತ್ತು ನಿಮಿಷ.
ಅಷ್ಟರೊಳಗೆ ಬಿಚ್ಚಬೇಕು, ಅಳೆಯಬೇಕು, ಮತ್ತೆ ಕಟ್ಟಬೇಕು.
ಹಿಂದೆ ಸಿಮೆಂಟು ಹೊತ್ತ ಗೂಡ್ಸು ಕಾಯುತ್ತಿದೆ.

ಆ ತುದಿಯಿಂದ ಲಾಡ್ಲೇಸಾಬನ ಫೋನು:
"ಖುಲ್ಲಾ ಆತು ಮೇಡಂ, ತಿರುವ್ರಿ."
ಮೆಗ್ಗರಿನ ಹಿಡಿಕೆ ತಿರುವುತ್ತೇನೆ.
ಜೋಳ ಬೀಸಿದ ಕೈಗೆ ಇದು ಹೊಸದಲ್ಲ,
ಗತಿ ಒಂದೇ ಇರಬೇಕು, ಅಷ್ಟೇ.
ಮುಳ್ಳು ನಡುಗಿ, ಎದ್ದು,
ಗಾಜಿನ ಕೊನೆಯ ಗುರುತಿಗೆ ಹೋಗಿ ನಿಂತಿತು.
ಅಡ್ಡ ಮಲಗಿದ ಎಂಟು. ಅನಂತ.

ಕೇಬಲ್ಲಿಗೆ ಅನಂತ ಬೇಕು: ಒಳಗಿನದು ಒಳಗೇ ಇರಬೇಕು.
ನೆಲಕ್ಕೆ ಸೊನ್ನೆ ಬೇಕು: ಬಂದದ್ದು ಇಳಿದು ಹೋಗಬೇಕು.
ಎರಡನ್ನೂ ಒಂದೇ ಮಧ್ಯಾಹ್ನ ಕಲಿಸಿದವರು ಮಾಣಿಕಪ್ಪನವರು.
ಕಲಿಸಿ, ಬಸಿಯಲ್ಲಿ ಅರ್ಧ ಚಹ ನನ್ನ ಕಡೆ ಸರಿಸಿದ್ದರು.

ಹನ್ನೆರಡು ಎಳೆ. ಹನ್ನೆರಡೂ ಅನಂತ.
ಇಷ್ಟು ಹಳೆಯ ಕೇಬಲ್ಲು, ದಿನಾ ಖಣಿಯ ಸಿಡಿಮದ್ದಿನ ಗುದ್ದು,
ಹೆಗ್ಗಣಗಳ ಹಲ್ಲು ಬೇರೆ.
ಸಂಶಯ ಬಂದದ್ದು ನನಗಲ್ಲ, ಲಾಡ್ಲೇಸಾಬನಿಗೆ.
"ಎಲ್ಲಾರೂ ಆರಾಮ ಇದ್ದೀವಿ ಅನ್ನೂ ಮನಿ
ಎಲ್ಲ್ಯಾರ ನೋಡೀರೇನ್ರಿ ಮೇಡಂ?"

ಅರ್ಥಿಂಗ್ ಗುಂಡಿಯ ಮೇಲೆ ಫರಸಿ ಕಲ್ಲು.
ಎತ್ತಿದರೆ ಒಂದು ಚೇಳು, ಗುಟ್ಕಾ ಚೀಟಿ,
ಒಣಗಿ ಗರಿಗರಿಯಾದ ಇದ್ದಿಲು.
ತೊಗರಿ ಕೊಯ್ದ ಹೊಲದಲ್ಲಿ ಎರಡು ಮೊಳೆ ನೆಟ್ಟೆವು;
ಒಂದನ್ನು ಎರೆಯ ಬಿರುಕು ಹಿಡಿಯಲೇ ಇಲ್ಲ,
ಇನ್ನೊಂದು ಕಡೆ ನೆಡಬೇಕಾಯಿತು.
ಮೂವತ್ತೆಂಟು ಓಮ್.
ಹತ್ತು ದಾಟಬಾರದು.

ದಾಖಲೆ ಪುಸ್ತಕ ಬಿಡಿಸಿದೆ. ಬೇಸಿಗೆಗೊಂದು ಸಾಲು.
ಏಳೂವರೆ. ಏಳೂವರೆ. ಏಳೂವರೆ.
ಆರು ಬೇಸಿಗೆ, ಒಂದೇ ದುಂಡನೆಯ ಅಂಕಿ.
ಆ ಕೈಯನ್ನು ನಾನು ಬಲ್ಲೆ.

ಲಾಡ್ಲೇಸಾಬ ಮಂಡಿಯೂರಿ ಮಣ್ಣು ಕೆದರುತ್ತಾ ಹೋದ.
ಪೆಟ್ಟಿಗೆಗೂ ಗುಂಡಿಗೂ ನಡುವಿನ ತಂತಿ
ತುಕ್ಕು ತಿಂದು ಎರಡಾಗಿತ್ತು,
ತುದಿಗಳ ನಡುವೆ ಗೇಣು ಮಣ್ಣು, ಒಂದು ಇರುವೆಗೂಡು.

ಹಾಗಾದರೆ ಅನಂತ ಎಂದದ್ದು ಕೇಬಲ್ಲಲ್ಲ.
ನಾನು ತಿರುವಿ ತಿರುವಿ ಕೇಳುವಾಗ
ಆ ಕಡೆ ನೆಲವೇ ಇರಲಿಲ್ಲ.
ಕೇಳಿಸಿಕೊಳ್ಳುವವರಿಲ್ಲದ ಮನೆಯಿಂದ ದೂರು ಹ್ಯಾಗೆ ಬಂದೀತು?

ಹೊಸ ತಂತಿ, ಹೊಸ ಬೋಲ್ಟು. ಒಂದು ಸೇರು ಉಪ್ಪು.
ನೀರು ತಂದದ್ದು ಹಳೆಯ ಖಣಿಯ ಹಸಿರು ಹೊಂಡದಿಂದ,
ನಾಲ್ಕು ಕೊಡ. ಗುಂಡಿ ಗೊಟಗೊಟ ಕುಡಿಯಿತು.
ಹನ್ನೊಂದಕ್ಕೆ ಇಳಿದು ಅಲ್ಲೇ ಕೂತಿತು.
ನಾಳೆ ಇನ್ನೊಮ್ಮೆ ಬರಬೇಕು.

ಮತ್ತೆ ಹಿಡಿಕೆ.
ಏಳನೆಯ ಎಳೆಗೆ ಮುಳ್ಳು ಎದ್ದಿತು,
ನಡುದಾರಿಯಲ್ಲಿ ಕುಸಿಯಿತು. ಅರ್ಧ ಮೆಗಓಮ್.
ಆರು ವರ್ಷ ಬಾಯಿ ಕಟ್ಟಿಕೊಂಡದ್ದು ಇದೇನಾ?
ಅದನ್ನು ಬಿಟ್ಟು, ಖಾಲಿ ಇದ್ದ ಹನ್ನೆರಡನೆಯ ಎಳೆಗೆ ಸಿಗ್ನಲು ಕಟ್ಟಿದೆ.
ಸ್ಟೇಷನ್ ಮಾಸ್ತರರಿಗೆ: "ಇನ್ನ ಹತ್ತು ನಿಮಿಷ ಕೊಡ್ರಿ."
ಗೂಡ್ಸಿನ ಡ್ರೈವರು ದೂರದಲ್ಲಿ ಸೀಟಿ ಊದಿ ಬೈದ.
ಊದಲಿ. ಕೆಂಪಿನಲ್ಲಿ ನಿಂತವನು ಬೈಯಬಹುದು.

ತಿರುವುವುದು ನಿಲ್ಲಿಸಿದರೂ
ತಿರುವಿದ್ದು ತಂತಿಯೊಳಗೆ ಉಳಿದಿರುತ್ತದೆ;
ಬರಿಗೈ ತಾಗಿಸುವ ಮೊದಲು ನೆಲಕ್ಕೆ ಇಳಿಸಬೇಕು.
ಇದನ್ನೂ ಅವರೇ ಕಲಿಸಿದ್ದು.

ಏಳೂವರೆಗಳ ಕೆಳಗೆ ಬರೆದೆ: ಮೂವತ್ತೆಂಟು.
ತಂತಿ ತುಂಡಾಗಿತ್ತು. ಜೋಡಿಸಿದ ಮೇಲೆ ಹನ್ನೊಂದು.
ಸಹಿ, ತಾರೀಖು.
ಲಾಡ್ಲೇಸಾಬ ಇಣುಕಿ ನೋಡಿದ, ಏನೂ ಅನ್ನಲಿಲ್ಲ,
ಕೊಡ ಎತ್ತಿಕೊಂಡ.

ರಿಟೈರಾಗಿ ಕಲಬುರಗಿಯಲ್ಲಿದ್ದಾರೆ ಮಾಣಿಕಪ್ಪನವರು.
ಯುಗಾದಿಗೊಮ್ಮೆ ಫೋನು ಮಾಡುತ್ತಾರೆ,
ಮೊಣಕಾಲು ನೋವು, ಮೊಮ್ಮಗಳ ಶಾಲೆ, ಬಿಸಿಲು,
ಇಡುವ ಮುಂಚೆ ಪ್ರತಿ ಸಲವೂ ಒಂದು ಮಾತು:
"ಹದಿನಾಲ್ಕು ಹ್ಯಾಂಗದವಾ?"
ಹದಿಮೂರನ್ನು ಕೇಳಿದವರಲ್ಲ. ಹದಿನೈದನ್ನೂ.

ಸಿಗ್ನಲು ಹಸಿರಾಯಿತು. ಗೂಡ್ಸು ನೆಲ ನಡುಗಿಸಿ ಹೋಯಿತು,
ಐವತ್ತೆಂಟು ಡಬ್ಬಿ, ಲಾಡ್ಲೇಸಾಬ ಎಣಿಸಿದ.
ಧೂಳು ಕೂರುವವರೆಗೆ ತಡೆದು
ನಾನೇ ನಂಬರು ಒತ್ತಿದೆ.
ಎರಡನೇ ರಿಂಗಿಗೇ ಎತ್ತಿದರು.